ದೊಡ್ಡಮ್ಮನ ನಿದ್ದೆ

ಹಳಗನ್ನಡ ಕಾವ್ಯಗಳನ್ನು ಪಾಠ ಹೇಳುವವರಿಗೆಲ್ಲ ಒಂದು ಅನುಭವವುಂಟು. ವಿದ್ಯಾರ್ಥಿಗಳು ಕಠಿಣವಾದ ಪದಗಳ ಮುಂದೆ ನಿಂತು ಅರ್ಥ ಕೇಳುತ್ತಾರೆ. ಸುಲಭವಾಗಿ ಕಾಣುವ ಪದಗಳಲ್ಲಿ ಎಡವಿ ಬೀಳುತ್ತಾರೆ. ಅಂಥ ಪದಗಳಲ್ಲಿ ‘ಉಸಿರ್’ ಎಂಬುದೊಂದು. ಪದ್ಯದಲ್ಲಿ ‘ಉಸಿರಿದನು’ ಎಂದು ಬಂದರೆ ಹುಡುಗರು ಹಿಂದೆಮುಂದೆ ನೋಡದೆ ‘ಉಸಿರಾಡಿದನು’ ಎಂದು ಬರೆದುಬಿಡುತ್ತಾರೆ. ಅಲ್ಲಿ ಅದರ ಅರ್ಥ ‘ಹೇಳಿದನು’ ಎಂದು. ನಮ್ಮ ಹಿಂದಿನವರಿಗೆ ಉಸಿರಾಡುವುದಕ್ಕೂ ಮಾತನಾಡುವುದಕ್ಕೂ ಒಂದೇ ಪದ ಸಾಕಾಗಿದ್ದಿತು. ಇಂದಿಗೂ ‘ಅದರ ಉಸಿರೆತ್ತಬೇಡ’ ಎಂದರೆ ‘ಆ ಮಾತನ್ನಾಡಬೇಡ’ ಎಂದೇ ಅಲ್ಲವೆ?

ಚಿತ್ರದುರ್ಗದಲ್ಲಿ ಹತ್ತು ವರ್ಷಗಳಿಂದ ನಾನು ಈ ಪದವನ್ನು ತರಗತಿಯಲ್ಲಿ ವಿವರಿಸುತ್ತ ಬಂದಿದ್ದೇನೆ. ಆದರೆ ಅದರ ಪೂರ್ಣವಾದ ಅರ್ಥ ನನಗೆ ತಿಳಿದದ್ದು 2022ರ ಸಂಕ್ರಾಂತಿಯ ಸಮಯದಲ್ಲಿ, ಹೊಳಲ್ಕೆರೆ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ, ದೊಡ್ಡಮ್ಮನ ಮಂಚದ ಪಕ್ಕದಲ್ಲಿ. ತಿಳಿಯುವುದಕ್ಕೆ ಮುಂಚೆ ನಾನೊಂದು ದೊಡ್ಡ ತಪ್ಪನ್ನು ಮಾಡಿದೆ. ಅದನ್ನು ಓದುಗರ ಮುಂದೆ ಒಪ್ಪಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ಏಕೆಂದರೆ ಅದು ಯಾವ ಮನೆಯಲ್ಲಿಯಾದರೂ, ಪ್ರೀತಿಯ ಕಾರಣದಿಂದಲೇ, ನಡೆಯಬಹುದಾದ ತಪ್ಪು.

ನಮ್ಮ ದೊಡ್ಡಮ್ಮ ಹದಿನೆಂಟನೆಯ ವಯಸ್ಸಿನಲ್ಲಿ ಆ ಮನೆಗೆ ಸೊಸೆಯಾಗಿ ಬಂದವಳು. ಅಂದಿನಿಂದ ಐವತ್ತೆರಡು ವರ್ಷ ಆಕೆ ಆ ಮನೆಯ ಒಲೆಯ ಮುಂದೆ ಕುಳಿತಳು. ತೊಗರಿಕಡ್ಡಿ, ಹತ್ತಿಕಡ್ಡಿ, ತೆಂಗಿನ ಗರಿ, ಮಳೆಗಾಲದಲ್ಲಿ ಅರೆ ಒಣಗಿದ ಬೆರಣಿ, ಇವು ಅಲ್ಲಿಯ ಉರುವಲು. ಅಡಿಗೆಮನೆಗೆ ಇದ್ದುದು ಒಂದೇ ಗವಾಕ್ಷಿ. ಕಬ್ಬಿಣದ ಊದುಗೊಳವೆಯನ್ನು ತುಟಿಗೆ ಹಚ್ಚಿ ಆಕೆ ಊದಿದಳೆಂದರೆ ಕೆಂಡ ಧಗ್ಗನೆ ಎದ್ದು ನಿಲ್ಲುತ್ತಿದ್ದಿತು. ಹೊಗೆ ಆಕೆಯ ಮುಖವನ್ನೇ ಮುತ್ತುತ್ತಿದ್ದಿತು. ಬೀಡಿಯನ್ನಾಗಲಿ ನಸ್ಯವನ್ನಾಗಲಿ ಆಕೆ ಮುಟ್ಟಿದವಳಲ್ಲ. ಆದರೂ ಐವತ್ತು ದಾಟಿದ ಮೇಲೆ ಕೆಮ್ಮು ಬಂದಿತು. ಅರವತ್ತು ದಾಟಿದ ಮೇಲೆ ದಮ್ಮು ಬಂದಿತು. ವೈದ್ಯರು ಅದಕ್ಕೆ ಇಂಗ್ಲಿಷಿನ ನಾಲ್ಕು ಅಕ್ಷರಗಳ ಹೆಸರು ಹೇಳಿದರು: ಸಿ.ಓ.ಪಿ.ಡಿ. ಎಂದರೆ, ಶ್ವಾಸನಾಳಗಳು ದೀರ್ಘಕಾಲದ ಉರಿತದಿಂದ ಕಿರಿದಾಗಿ, ಒಳಗೆ ಹೋದ ಗಾಳಿ ಸಲೀಸಾಗಿ ಹೊರಗೆ ಬಾರದಂತಾಗುವ ರೋಗ. ದೊಡ್ಡಮ್ಮ ಮಾತ್ರ ಅದನ್ನು ‘ಹೊಗೆ ಕೆಮ್ಮು’ ಎಂದೇ ಕರೆಯುತ್ತಿದ್ದಳು. ವೈದ್ಯಶಾಸ್ತ್ರದ ಹೆಸರಿಗಿಂತ ಅದೇ ಹೆಚ್ಚು ಸರಿಯಾದ ಹೆಸರೆಂದು ಈಗ ನನಗೆ ತೋರುತ್ತದೆ.

ಆಕೆಯ ಉಸಿರು ಸೋಲುತ್ತಿದೆಯೆಂಬುದಕ್ಕೆ ಮೊದಲ ಗುರುತು ಆ ಊದುಗೊಳವೆಯೇ. ಒಂದು ದಿನ ಆಕೆ ಮೊಮ್ಮಗಳನ್ನು ಕರೆದು, “ಬಾರೇ ಪುಟ್ಟೀ, ಇದೊಂದಿಷ್ಟು ಊದು” ಎಂದಳು. ವಯಸ್ಸಾಯಿತು, ಮೊಮ್ಮಗಳ ಕೈಯಲ್ಲಿ ಕೆಲಸ ಮಾಡಿಸುತ್ತಾಳೆ ಎಂದು ಎಲ್ಲರೂ ನಕ್ಕೆವು. ಕೊಳವೆಯನ್ನು ಊದುವಷ್ಟು ಗಾಳಿ ಆಕೆಯ ಎದೆಯಿಂದ ಹೊರಡುತ್ತಿಲ್ಲವೆಂದು ಯಾರಿಗೂ ಹೊಳೆಯಲಿಲ್ಲ.

2021ರ ಕೊರೊನಾ ಹಾವಳಿಯಲ್ಲಿ ನಮ್ಮ ಅಣ್ಣ, ಎಂದರೆ ದೊಡ್ಡಮ್ಮನ ಮಗ, ಕಾಯಿಲೆ ಬಿದ್ದಾಗ ಮನೆಗೆ ಎರಡು ವಸ್ತುಗಳು ಬಂದಿದ್ದವು. ಒಂದು, ಬೆರಳಿಗೆ ಕಚ್ಚಿಸುವ ಆಕ್ಸಿಮೀಟರು. ಇನ್ನೊಂದು, ಕೋಣೆಯ ಗಾಳಿಯಿಂದಲೇ ಆಮ್ಲಜನಕವನ್ನು ಸೋಸಿಕೊಡುವ ಕಾನ್ಸೆಂಟ್ರೇಟರ್ ಯಂತ್ರ. ಅಣ್ಣ ಗುಣವಾದ. ಆ ವರ್ಷದ ಕೊನೆಗೆ ವೈದ್ಯರು ದೊಡ್ಡಮ್ಮನನ್ನು ಪರೀಕ್ಷಿಸಿ, ಯಂತ್ರವನ್ನು ಆಕೆಗೆ ಬಳಸಬಹುದೆಂದೂ ನಿಮಿಷಕ್ಕೆ ಒಂದು ಲೀಟರಿಗೆ ಮೀರಕೂಡದೆಂದೂ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಚೀಟಿ ದೇವರ ಗೂಡಿನಲ್ಲಿದ್ದಿತು. ನಾನು ಅದನ್ನು ಓದಿರಲಿಲ್ಲ.

ಸಂಕ್ರಾಂತಿಗೆಂದು ಎಳ್ಳುಬೆಲ್ಲ ಹಿಡಿದು ನಾನು ಹಳ್ಳಿಗೆ ಹೋದ ರಾತ್ರಿ ಚಳಿ ಕಟುವಾಗಿದ್ದಿತು. ಒಂಬತ್ತರ ಸುಮಾರಿಗೆ ದೊಡ್ಡಮ್ಮನಿಗೆ ಏದುಸಿರು ಹೆಚ್ಚಿತು. ಮಂಚದ ಮೇಲೆ ಎದ್ದು ಕುಳಿತು, ಎರಡು ಕೈಗಳನ್ನೂ ಮೊಣಕಾಲಿನ ಮೇಲೂರಿ, ಮುಂದಕ್ಕೆ ಬಾಗಿದಳು.

“ಏನಾಗ್ತಿದೆ ದೊಡ್ಡಮ್ಮಾ?”

“ಏನಿಲ್ಲ... ಕಣಪ್ಪಾ... ಚಳಿಗೆ... ಹಿಂಗೆ.”

ನಾಲ್ಕು ಪದಗಳ ಉತ್ತರಕ್ಕೆ ಆಕೆ ಮೂರು ಸಲ ಉಸಿರೆಳೆದುಕೊಂಡಳು. ಅದು ನನ್ನ ಕಿವಿಗೆ ಬಿದ್ದಿತು, ಬುದ್ಧಿಗೆ ಮುಟ್ಟಲಿಲ್ಲ. ನಾನು ಆಕೆಯ ಬೆರಳಿಗೆ ಆಕ್ಸಿಮೀಟರನ್ನು ಹಾಕಿದೆ. 84 ಎಂದು ತೋರಿಸಿತು. 95ಕ್ಕಿಂತ ಮೇಲಿರಬೇಕೆಂದು 2021ರಲ್ಲಿ ಊರಿಗೆ ಊರೇ ಕಲಿತಿದ್ದಿತಷ್ಟೆ. ಗಾಬರಿಗೊಂಡು, ಯಂತ್ರದ ಗುಂಡಿಯನ್ನು ಒಂದರಿಂದ ಐದಕ್ಕೆ ತಿರುಗಿಸಿದೆ. ಕಾಲು ಗಂಟೆಯೊಳಗೆ ಅಂಕಿ 97ಕ್ಕೆ ಏರಿತು. ಏದುಸಿರು ತಗ್ಗಿತು. ದೊಡ್ಡಮ್ಮ ಹಾಗೆಯೇ ದಿಂಬಿಗೊರಗಿ ಕಣ್ಣು ಮುಚ್ಚಿದಳು.

“ನೋಡು, ಓದಿದೋರು ಮನೇಲಿದ್ರೆ ಇದೇ ಅನುಕೂಲ” ಎಂದ ಅಣ್ಣ.

“ಪಾಪ, ಹಿಂಗೆ ಕಣ್ತುಂಬ ನಿದ್ದೆ ಮಾಡಿ ಎಷ್ಟು ದಿನ ಆಗಿತ್ತೋ” ಎಂದರು ಅತ್ತಿಗೆ.

ದೀಪ ಆರಿಸಿದೆವು. ಮಕ್ಕಳಿಗೆ ಗದ್ದಲ ಮಾಡಬೇಡಿರೆಂದು ಹೇಳಿದೆವು. ಆ ರಾತ್ರಿ ಮನೆಯವರೆಲ್ಲ ನೆಮ್ಮದಿಯಿಂದ ಮಲಗಿದೆವು.

ಬೆಳಿಗ್ಗೆ ಅತ್ತಿಗೆ ಕಾಫಿ ತಂದು ಕರೆದರೆ ದೊಡ್ಡಮ್ಮ ಏಳಲಿಲ್ಲ. ಭುಜ ಹಿಡಿದು ಅಲುಗಿಸಿದರೆ ಕಣ್ಣು ತೆರೆದು, ನಮ್ಮನ್ನು ಗುರುತಿಸದೆ, ಮತ್ತೆ ಮುಚ್ಚಿದಳು. ಮೈ ಬೆಚ್ಚಗಿದ್ದು ಬೆವರುತ್ತಿದ್ದಿತು. ಕೈಗಳನ್ನು ಎತ್ತಿ ಹಿಡಿದರೆ ಹಕ್ಕಿ ರೆಕ್ಕೆ ಬಡಿದಂತೆ ಅವು ಅದುರುತ್ತಿದ್ದವು. ಬೆರಳಿನ ಅಂಕಿ ಮಾತ್ರ 96! ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಹೆದರಿಸಿದ್ದು ಅದೇ. ಯಂತ್ರದ ಲೆಕ್ಕದಲ್ಲಿ ಆಕೆ ಸುಖವಾಗಿದ್ದಳು. ನಮ್ಮ ಕಣ್ಣೆದುರಿಗೆ ಕೈತಪ್ಪಿ ಹೋಗುತ್ತಿದ್ದಳು.

ಹಿರಿಯೂರಿನಲ್ಲಿ ವೈದ್ಯವೃತ್ತಿ ನಡೆಸುವ ಬಾಲ್ಯಮಿತ್ರನೊಬ್ಬನಿಗೆ ಫೋನು ಮಾಡಿದೆ. ಆತ ಕೇಳಿದ್ದು ಒಂದೇ ಪ್ರಶ್ನೆ: “ಆಕ್ಸಿಜನ್ ಎಷ್ಟಕ್ಕೆ ಇಟ್ಟಿದ್ದೀಯಾ?”

“ಐದಕ್ಕೆ.”

ಆತ ಒಂದು ಕ್ಷಣ ಮಾತನಾಡಲಿಲ್ಲ. ಅನಂತರ ಶಾಂತವಾಗಿ ಹೇಳಿದ: “ಪೂರ್ತಿ ನಿಲ್ಲಿಸಬೇಡ, ಅದು ಇನ್ನೂ ಅಪಾಯ. ಒಂದಕ್ಕೆ ಇಳಿಸು. ಅಂಕಿ 88ರ ಕೆಳಗೆ ಹೋಗದಂತೆ ನೋಡಿಕೊ. ಈಗಲೇ 108ಕ್ಕೆ ಫೋನು ಮಾಡು. ನಾನು ದುರ್ಗಕ್ಕೆ ಬರ್ತೇನೆ.”

2008ರ ನವೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಆ 108ರ ವಾಹನ ಹಳ್ಳಿಗೆ ಬಂದಿತು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಆಕೆಯ ಮಣಿಕಟ್ಟಿನ ಧಮನಿಯಿಂದ ರಕ್ತ ತೆಗೆದು ಪರೀಕ್ಷಿಸಿದರು. ಇಂಗಾಲಾಮ್ಲವಾಯುವಿನ ಒತ್ತಡ ಸಾಧಾರಣವಾಗಿ ಪಾದರಸದ ಅಳತೆಯಲ್ಲಿ 35ರಿಂದ 45 ಮಿಲಿಮೀಟರು ಇರಬೇಕು. ದೊಡ್ಡಮ್ಮನ ರಕ್ತದಲ್ಲಿ ಅದು 88 ಇದ್ದಿತು. ‘ಎರಡನೆಯ ಬಗೆಯ ಉಸಿರಾಟ ವೈಫಲ್ಯ’ ಎಂದರು ವೈದ್ಯರು. ಮೂಗುಬಾಯಿಗಳನ್ನು ಮುಚ್ಚುವ ಮುಖವಾಡವೊಂದನ್ನು ಬಿಗಿದು, ಉಸಿರಿಗೆ ಉಸಿರು ಜೋಡಿಸಿ ಗಾಳಿಯೊತ್ತುವ ಯಂತ್ರಕ್ಕೆ ಸೇರಿಸಿದರು. ಗಂಟಲಿಗೆ ಕೊಳವೆ ಇಳಿಸಬೇಕಾದೀತೆಂದು ಹೇಳಿ, ಅಣ್ಣನಿಂದ ಸಹಿ ಪಡೆದುಕೊಂಡರು. ಎರಡು ರಾತ್ರಿ ನಾವು ಹೊರಗಿನ ಬೆಂಚಿನ ಮೇಲೆ ಕುಳಿತೆವು.

ಆ ಬೆಂಚಿನ ಮೇಲೆಯೇ ನನ್ನ ಮಿತ್ರ ನನಗೆ ಉಸಿರಿನ ಪಾಠ ಹೇಳಿದ್ದು. ಆತನ ತಾತ ಹಿರಿಯೂರಿನಲ್ಲಿ ಕಮ್ಮಾರಸಾಲೆ ಇಟ್ಟುಕೊಂಡಿದ್ದವರು. ಮಾರಿಕಣಿವೆಯ ನಾಲೆಯ ಬಯಲಿನಿಂದ ರೈತರು ನೇಗಿಲಿನ ಗುಳಗಳನ್ನು ಅಲ್ಲಿಗೆ ತರುತ್ತಿದ್ದರಂತೆ. ಆತನ ಉಪಮಾನಗಳೆಲ್ಲ ಆ ಸಾಲೆಯಿಂದಲೇ ಹುಟ್ಟಿದವು.

“ಕುಲುಮೆಯಲ್ಲಿ ಮೂರು ಸಂಗತಿ ಸರಿಯಾಗಿರಬೇಕು” ಎಂದ ಆತ. “ತಿದಿಯೊತ್ತು ಎಂದು ಹೇಳುವ ಯಜಮಾನ, ಗಾಳಿಯೊತ್ತುವ ತಿದಿ, ಗಾಳಿ ತಗಲಿ ಉರಿಯುವ ಕೆಂಡ. ನಮ್ಮ ದೇಹದಲ್ಲಿ ಮೆದುಳಿನ ಬುಡ ಯಜಮಾನ. ಎದೆಯ ಗೂಡು, ವಪೆ, ಪಕ್ಕೆಯ ಸ್ನಾಯು, ಇವೆಲ್ಲ ಸೇರಿ ತಿದಿ. ಶ್ವಾಸಕೋಶದೊಳಗಿನ ಸಣ್ಣ ಸಣ್ಣ ಗಾಳಿಗೂಡುಗಳು ಕೆಂಡದ ಜಾಗ. ಮೂರರಲ್ಲಿ ಯಾವುದು ಕೈಕೊಟ್ಟರೂ ಕೆಲಸ ಕೆಡುತ್ತದೆ.”

ಆ ಗಾಳಿಗೂಡುಗಳು ಮೂವತ್ತು ಕೋಟಿಯ ಆಸುಪಾಸಿನಲ್ಲಿವೆ. ಎಲ್ಲವನ್ನೂ ಬಿಡಿಸಿ ಹರಡಿದರೆ ಒಂದು ಸಾಧಾರಣ ಮನೆಯ ನೆಲವನ್ನೇ ಮುಚ್ಚಿಯಾವು. ಅವುಗಳ ತೆಳುವಾದ ಗೋಡೆಯ ಆಚೆ ರಕ್ತ, ಈಚೆ ಗಾಳಿ. ಅಲ್ಲಿ ನಡೆಯುವುದು ಎರಡು ವ್ಯವಹಾರ: ಆಮ್ಲಜನಕ ಒಳಗೆ ಬರಬೇಕು, ಇಂಗಾಲಾಮ್ಲವಾಯು ಹೊರಗೆ ಹೋಗಬೇಕು. ರಕ್ತದಲ್ಲಿ ಆಮ್ಲಜನಕದ ಒತ್ತಡ 60 ಮಿಲಿಮೀಟರಿಗಿಂತ ಕಡಿಮೆಯಾದರೆ ಅದು ಮೊದಲನೆಯ ಬಗೆಯ ವೈಫಲ್ಯ. ಅದರೊಡನೆ ಇಂಗಾಲಾಮ್ಲವಾಯು 45ನ್ನು ಮೀರಿ ಏರಿದರೆ ಎರಡನೆಯ ಬಗೆ.

‘ವೈಫಲ್ಯ’ ಎಂಬ ಪದವನ್ನು ಕೇಳಿ ನಾನು ಉಸಿರು ನಿಂತೇಹೋಯಿತೆಂದು ಭಾವಿಸಿದ್ದೆ. ಕನ್ನಡ ಮೇಷ್ಟರು ಇಷ್ಟಾದರೂ ಯೋಚಿಸಬೇಕಾಗಿದ್ದಿತು. ಫಲವಿಲ್ಲದ್ದು ವಿಫಲ. ಎದೆ ಏರುತ್ತಿರುತ್ತದೆ, ಇಳಿಯುತ್ತಿರುತ್ತದೆ. ಆದರೆ ಆ ದುಡಿಮೆಯ ಫಲ ರಕ್ತಕ್ಕೆ ಸಲ್ಲುವುದಿಲ್ಲ. ಉಸಿರಾಟದ ವೈಫಲ್ಯವೆಂದರೆ ಇದು. ಆದುದರಿಂದಲೇ ಅದು ಮನೆಯವರ ಕಣ್ಣನ್ನು ವಂಚಿಸುತ್ತದೆ.

“ಹಾಗಾದರೆ ಅಂಕಿ 97 ಇತ್ತಲ್ಲ?” ಎಂದು ನಾನು ಕೇಳಿದೆ.

ಆಕ್ಸಿಮೀಟರು ಬೆರಳಿನ ಮೂಲಕ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವರಕ್ತ ಬೆಳಕನ್ನೂ ಹಾಯಿಸಿ ರಕ್ತದ ಬಣ್ಣವನ್ನು ಅಳೆಯುತ್ತದೆ. ಆಮ್ಲಜನಕ ಹೊತ್ತ ರಕ್ತ ಕಡುಗೆಂಪು, ಹೊರದ ರಕ್ತ ಕಪ್ಪುಗೆಂಪು. ಅದು ಹೇಳುವುದು ಒಳಗೆ ಬಂದದ್ದರ ಲೆಕ್ಕವನ್ನು ಮಾತ್ರ. ಹೊರಗೆ ಹೋಗದೆ ಉಳಿದದ್ದರ ಲೆಕ್ಕ ಅದಕ್ಕೆ ಗೊತ್ತಿಲ್ಲ. ದೊಡ್ಡಮ್ಮನಂಥವರ ಶ್ವಾಸಕೋಶ ಬಹುಕಾಲದಿಂದ ಒಂದು ಹೊಂದಾಣಿಕೆ ಮಾಡಿಕೊಂಡಿರುತ್ತದೆ. ಗಾಳಿ ಸರಿಯಾಗಿ ಆಡದ ಭಾಗಗಳಿಗೆ ರಕ್ತವನ್ನು ತಗ್ಗಿಸಿ, ಆಡುವ ಭಾಗಗಳ ಕಡೆಗೆ ಹರಿಸುತ್ತಿರುತ್ತದೆ. ಮಿತಿಮೀರಿ ಆಮ್ಲಜನಕ ಕೊಟ್ಟರೆ ಈ ಹೊಂದಾಣಿಕೆ ಮುರಿದು, ರಕ್ತ ಹಾಳುಬಿದ್ದ ಭಾಗಗಳಿಗೂ ನುಗ್ಗಿ, ಇಂಗಾಲಾಮ್ಲವಾಯುವನ್ನು ಕಳೆದುಕೊಳ್ಳದೆ ಹಾಗೆಯೇ ಹಿಂದಿರುಗುತ್ತದೆ. ಉಸಿರಾಡಬೇಕೆಂಬ ತವಕವೂ ಸ್ವಲ್ಪ ತಗ್ಗುತ್ತದೆ. ಆ ವಾಯು ರಕ್ತದಲ್ಲಿ ಕೂಡಿಕೊಂಡಂತೆ ಮೆದುಳಿಗೆ ಮಂಪರು ಕವಿಯುತ್ತದೆ. ನಾವು ನಿದ್ದೆಯೆಂದು ತಿಳಿದು ದೀಪ ಆರಿಸಿದ್ದು ಆ ಮಂಪರಿಗೆ.

“ಇಂಥ ರೋಗಿಗಳಿಗೆ ನಾವು 88ರಿಂದ 92ರ ನಡುವೆ ನಿಲ್ಲಿಸುತ್ತೇವೆ. ನೀನು ನೂರಕ್ಕೆ ನೂರು ಅಂಕ ಕೊಡಿಸಲು ಹೋದೆ, ಮೇಷ್ಟ್ರಲ್ಲವೆ!” ಎಂದು ಆತ ನನ್ನ ಬೆನ್ನು ತಟ್ಟಿದ. ನನ್ನ ಮುಖ ನೋಡಿ, ಸಮಾಧಾನಕ್ಕೆಂದು ಒಂದು ಕಥೆಯನ್ನೂ ಹೇಳಿದ. ಕಥೆಯಲ್ಲ, ನಡೆದದ್ದು.

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರಕ್ಕೆ ಪೋಲಿಯೋ ಮಾರಿ ಬಡಿಯಿತು. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಮೊದಲ ಮೂರು ವಾರಗಳಲ್ಲಿ ಉಸಿರಿನ ಸ್ನಾಯುಗಳಿಗೂ ಗಂಟಲಿಗೂ ಪಾರ್ಶ್ವ ಬಡಿದಿದ್ದ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು. ಅವರ ರಕ್ತದಲ್ಲಿ ಕಂಡ ಒಂದು ಏರುಪೇರನ್ನು ಅಲ್ಲಿಯ ವೈದ್ಯರು ಬೇರೊಂದು ವಿಕಾರವೆಂದು ತಿಳಿದಿದ್ದರು. ಅದು ಹೊರಗೆ ಹೋಗದೆ ಕೂಡಿಬಿದ್ದ ಇಂಗಾಲಾಮ್ಲವಾಯುವಿನ ಗುರುತೆಂದು ಹೇಳಿದವರು ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು. ಆಗಸ್ಟ್ 27ರಂದು, ಸಾವಿನ ಅಂಚಿನಲ್ಲಿದ್ದ ಹನ್ನೆರಡು ವರ್ಷದ ಹುಡುಗಿಯ ಶ್ವಾಸನಾಳಕ್ಕೆ ಕೊಳವೆ ಹಾಕಿಸಿ, ರಬ್ಬರಿನ ಚೀಲವೊಂದನ್ನು ಕೈಯಿಂದಲೇ ಹಿಸುಕಿ ಆಕೆಗೆ ಉಸಿರು ಕೊಟ್ಟರು. ಹುಡುಗಿ ಬದುಕಿದಳು. ಅನಂತರ ಸುಮಾರು 1,500 ಮಂದಿ ವೈದ್ಯವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲೂ ರಾತ್ರಿಯೂ ರೋಗಿಗಳ ಪಕ್ಕದಲ್ಲಿ ಕುಳಿತು, ತಿಂಗಳುಗಟ್ಟಲೆ ಚೀಲಗಳನ್ನು ಹಿಸುಕಿದರು. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದ ಕಡೆ ಸಾವು ಅರ್ಧಕ್ಕಿಂತಲೂ ಕಡಿಮೆಯಾಯಿತು. ಇಂದಿನ ತೀವ್ರನಿಗಾ ಘಟಕಗಳು ಬೆಳೆದುಬಂದದ್ದು ಆ ಆಸ್ಪತ್ರೆಯಿಂದ.

“ದೊಡ್ಡ ದೊಡ್ಡ ವೈದ್ಯರೂ ಒಳಗೆ ಬರುವುದನ್ನೇ ನೋಡುತ್ತ ಹೊರಗೆ ಹೋಗಬೇಕಾದದ್ದನ್ನು ಮರೆತಿದ್ದರು” ಎಂದ ನನ್ನ ಮಿತ್ರ. “ನಿನ್ನದೇನು ಮಹಾ!”

ಇಲ್ಲಿ ನಾನೊಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾದೀತು. ಇದನ್ನು ಓದಿ ಆಮ್ಲಜನಕವೇ ವಿಷವೆಂದು ಯಾರೂ ಭಾವಿಸಬಾರದು. ಅದರ ಅಭಾವ ನಿಮಿಷಗಳಲ್ಲಿ ಕೊಲ್ಲುತ್ತದೆ. ಶ್ವಾಸಕೋಶದ ಉರಿಯೂತದಲ್ಲಿ, ಕೊರೊನಾದಂಥ ಸೋಂಕಿನಲ್ಲಿ ಗಾಳಿಗೂಡುಗಳೇ ನೀರು ತುಂಬಿ ಕೆಡುತ್ತವೆ. ಕೆಂಡದ ಜಾಗವೇ ತೊಯ್ದುಹೋದಂತೆ. ಅಲ್ಲಿ ಆಮ್ಲಜನಕವೇ ಪ್ರಾಣ. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಮಂದಿ ರೋಗಿಗಳು ತೀರಿಕೊಂಡದ್ದನ್ನು ಕನ್ನಡನಾಡು ಮರೆಯುವಂತಿಲ್ಲ. ಎಷ್ಟು ಬೇಕೆಂಬುದು ರೋಗಿಯನ್ನೂ ರೋಗವನ್ನೂ ಅವಲಂಬಿಸಿದೆ. ಅದನ್ನು ನಿರ್ಧರಿಸಬೇಕಾದವರು ವೈದ್ಯರು. ಗುಂಡಿ ಕೈಗೆ ಸಿಕ್ಕಿತೆಂದು ತಿರುಗಿಸುವ ಅಧಿಕಾರ ನಮಗಿಲ್ಲ.

ಕೆಂಡ ಚೆನ್ನಾಗಿದ್ದು ತಿದಿಯೇ ನಿಂತುಹೋಗುವ ಸಂದರ್ಭವೂ ನಮ್ಮ ಕಡೆ ಅಪರೂಪವಲ್ಲ. ಹೊಸದುರ್ಗದ ಕಡೆಯ ನನ್ನ ವಿದ್ಯಾರ್ಥಿಯೊಬ್ಬನ ತಂದೆ ಕಣದಲ್ಲಿ ಮಲಗಿದ್ದಾಗ ಹಾವು ಕಚ್ಚಿತು. ನೋವಿರಲಿಲ್ಲ, ಊತವಿರಲಿಲ್ಲ. ಒಂದೆರಡು ಗಂಟೆಯಲ್ಲಿ ರೆಪ್ಪೆಗಳು ಜೋತುಬಿದ್ದವು, ಮಾತು ತೊದಲಿತು, ಉಗುಳು ನುಂಗಲಾಗಲಿಲ್ಲ. ನಿದ್ದೆಗಣ್ಣೆಂದು ತಿಳಿದು ಸುಮ್ಮನಿದ್ದಿದ್ದರೆ ಆತ ಉಳಿಯುತ್ತಿರಲಿಲ್ಲ. ಕಟ್ಟುಹಾವು, ನಾಗರಹಾವುಗಳ ವಿಷ ನರದಿಂದ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ತಡೆಯುತ್ತದೆ. ಶ್ವಾಸಕೋಶ ಆರೋಗ್ಯವಾಗಿದ್ದರೂ ಎದೆ ಏಳುವುದಿಲ್ಲ. ಹೊಸದುರ್ಗದಿಂದ ಚಿತ್ರದುರ್ಗಕ್ಕೆ ಒಂದು ಗಂಟೆಗೂ ಮಿಕ್ಕ ದಾರಿ. ಆ ದಾರಿಯುದ್ದಕ್ಕೂ ವಾಹನದ ಸಿಬ್ಬಂದಿಯೊಬ್ಬರು ಕೋಪನ್‌ಹೇಗನ್ನಿನ ವಿದ್ಯಾರ್ಥಿಗಳಂತೆಯೇ ಚೀಲ ಹಿಸುಕುತ್ತ ಬಂದರಂತೆ. ವಿಷಹಾರಿ ಚುಚ್ಚುಮದ್ದು, ಮೂರು ದಿನ ವೆಂಟಿಲೇಟರು. ರೈತ ನಡೆದುಕೊಂಡೇ ಮನೆಗೆ ಹೋದ. ವೆಂಟಿಲೇಟರು ಹಾಕಿದರೆಂದರೆ ಎಲ್ಲ ಮುಗಿಯಿತೆಂದು ಅಳುವವರನ್ನು ನೋಡಿದ್ದೇನೆ. ಅದು ಸಾವಿನ ಯಂತ್ರವಲ್ಲ; ರೋಗವನ್ನು ಗುಣಪಡಿಸುವ ಮದ್ದೂ ಅಲ್ಲ. ಮದ್ದು ತನ್ನ ಕೆಲಸ ಮಾಡುವ ತನಕ ತಿದಿಯೊತ್ತುವ ಆಳು. ರೋಗ ಹಿಮ್ಮೆಟ್ಟುವಂಥದಾದರೆ ಆಳಿನ ಶ್ರಮ ಸಾರ್ಥಕ.

ಹಿಮ್ಮೆಟ್ಟದ ರೋಗಗಳೂ ಇವೆ. ಕಲ್ಲಿನ ದೂಳು ಶ್ವಾಸಕೋಶದಲ್ಲಿ ಕೂತು ಅದನ್ನು ನಾರುಗಟ್ಟಿಸುವ ಸಿಲಿಕೋಸಿಸ್ ಅಂಥದು. ಭಾರತದಲ್ಲಿ ಆ ರೋಗ ಮೊತ್ತಮೊದಲು ವರದಿಯಾದದ್ದು 1934ರಲ್ಲಿ, ನಮ್ಮ ಕೋಲಾರದ ಚಿನ್ನದ ಗಣಿಗಳಿಂದ. ಗಣಿ 2001ರಲ್ಲಿ ಮುಚ್ಚಿತು. ಆದರೆ ಕಲ್ಲು ಒಡೆಯುವ, ಅದುರು ಅಗೆಯುವ ಕಡೆಗಳಲ್ಲೆಲ್ಲ ಆ ದೂಳಿನ ಭಯ ಇದ್ದೇ ಇದೆ. ಚಿತ್ರದುರ್ಗ, ಹೊಳಲ್ಕೆರೆಗಳ ನಮ್ಮ ಗುಡ್ಡಸೀಮೆಯೂ ಅದಕ್ಕೆ ಹೊರತಲ್ಲ.

ಒಲೆಯ ಹೊಗೆಗೂ ಒಂದು ಲೆಕ್ಕವುಂಟು. ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಸರಳವಾದ ಅಳತೆಯನ್ನು ಬಳಸಿತು: ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ ಕುಳಿತಿರಿ, ಅದನ್ನು ಎಷ್ಟು ವರ್ಷ ಕುಳಿತಿರೋ ಅದರಿಂದ ಗುಣಿಸಿರಿ. ಗುಣಲಬ್ಧ 60ನ್ನು ಮುಟ್ಟಿದರೆ ದೀರ್ಘಕಾಲದ ಶ್ವಾಸನಾಳದ ಉರಿಯೂತದ ಅಪಾಯ ಎದ್ದುಕಾಣುತ್ತದೆ. ದೊಡ್ಡಮ್ಮ ದಿನಕ್ಕೆ ಐದು ಗಂಟೆಯಂತೆ ಐವತ್ತೆರಡು ವರ್ಷ ಕುಳಿತಳು. ನಾನು ಆಸ್ಪತ್ರೆಯ ಚೀಟಿಯ ಹಿಂಬದಿಯಲ್ಲಿ ಗುಣಿಸಿ ನೋಡಿದೆ: 260.

ಆ ಮನೆಯ ಊಟ ಮಾಡಿ ಬೆಳೆದವರೆಲ್ಲ ಆ ಅಂಕಿಗೆ ಪಾಲುದಾರರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಕೇಂದ್ರ, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸುವ ಅಸ್ತ್ರ ಒಲೆಯನ್ನು ರೂಪಿಸಿತು. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಅದನ್ನು ಕಟ್ಟಿಸಿದರು. 2016ರಲ್ಲಿ ಉಜ್ವಲಾ ಯೋಜನೆ ಬಂದಿತು. ನಮ್ಮ ಮನೆಗೆ ಗ್ಯಾಸು ಬಂದದ್ದು 2018ರಲ್ಲಿ. ಅದಕ್ಕೆ ಮುಂಚೆಯೇ ಕೊಳ್ಳುವ ಶಕ್ತಿ ನಮಗಿರಲಿಲ್ಲವೆಂದಲ್ಲ. ಒಲೆಯ ಮುಂದೆ ಕೂತವರು ಕೇಳಲಿಲ್ಲ. ಪಡಸಾಲೆಯಲ್ಲಿ ಕೂತವರಿಗೆ ಹೊಗೆ ತಾಗಲಿಲ್ಲ.

ಎರಡನೆಯ ರಾತ್ರಿ ಕಳೆದು ಬೆಳಗಾಗುವಾಗ ದಾದಿಯೊಬ್ಬರು ಬಂದು ಒಳಗೆ ಕರೆದರು. ಮುಖವಾಡ ತೆಗೆದಿದ್ದರು. ಮೂಗಿನ ಮೇಲೆ ಅದರ ಪಟ್ಟಿಯ ಕೆಂಪು ಗುರುತು. ದೊಡ್ಡಮ್ಮ ನನ್ನನ್ನು ನೋಡಿದಳು.

“ಒಲೆ ಮೇಲೆ ಹಾಲಿಟ್ಟಿದ್ದೆ, ಉಕ್ಕೀತು, ನೋಡೋ ಮಗಾ.”

ಆ ಹಾಲು ಉಕ್ಕಿ ಎರಡು ದಿನವಾಗಿದ್ದಿತು. ಆದರೆ ಆರು ಪದಗಳನ್ನು ಆಕೆ ಒಂದೇ ಉಸಿರಿನಲ್ಲಿ ಆಡಿದ್ದಳು. ನನ್ನ ಮಿತ್ರ ಪಕ್ಕದಲ್ಲಿದ್ದವನು ಬೆರಳು ಮಡಿಸಿ ಎಣಿಸುತ್ತಿದ್ದುದನ್ನು ಕಂಡೆ. “ಬದುಕಿದರು” ಎಂದ. ರಕ್ತಪರೀಕ್ಷೆಯ ವರದಿ ಬಂದದ್ದು ಅದಾದ ಮೇಲೆ.

ಅಂದು ಆತ ನನಗೆ ಕಲಿಸಿದ್ದನ್ನು ಇಲ್ಲಿ ಬರೆದಿಡುತ್ತೇನೆ. ಮನೆಯಲ್ಲಿ ದಮ್ಮಿನ ರೋಗಿಗಳಿರುವವರು ಕತ್ತರಿಸಿ ಇಟ್ಟುಕೊಂಡರೂ ಆದೀತು. ಮೊದಲು, ಅವರಿಗೆ ತಿಳಿಯದಂತೆ ಒಂದು ನಿಮಿಷ ಉಸಿರನ್ನು ಎಣಿಸಿರಿ. ವಯಸ್ಕರಲ್ಲಿ 12ರಿಂದ 20 ಸಾಧಾರಣ. 25ನ್ನು ಮೀರಿದರೆ ಎಚ್ಚರಗೊಳ್ಳಬೇಕು. 30ನ್ನು ಮುಟ್ಟಿದರೆ ಕಾಯುವಂತಿಲ್ಲ. ಎರಡನೆಯದಾಗಿ, ಮಾತನಾಡಿಸಿರಿ. ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸಲಾಗದೆ ಪದ ಪದಕ್ಕೂ ನಿಲ್ಲುತ್ತಿದ್ದರೆ, ಅಂಕಿ ಏನೇ ಹೇಳಲಿ, ಆಸ್ಪತ್ರೆಗೆ ಹೊರಡಿರಿ. ಕುತ್ತಿಗೆಯ ಸ್ನಾಯುಗಳು ಸೆಟೆಯುವುದು, ಮೂಗಿನ ಹೊಳ್ಳೆ ಅರಳುವುದು, ತುಟಿ ಉಗುರುಗಳು ನೀಲಿಗಟ್ಟುವುದು, ಇವೂ ಗುರುತುಗಳೇ. ಬೆಳಿಗ್ಗೆ ಎದ್ದೊಡನೆ ತಲೆನೋವು, ಹಗಲೆಲ್ಲ ತೂಕಡಿಕೆ, ಅರ್ಥವಿಲ್ಲದ ಮಾತು, ಕೈ ಅದುರುವುದು, ಇವು ಇಂಗಾಲಾಮ್ಲವಾಯು ಕೂಡುತ್ತಿರುವುದರ ಲಕ್ಷಣಗಳಾಗಿರಬಹುದು. ರಾತ್ರಿಯೆಲ್ಲ ಏದುತ್ತಿದ್ದವರು ಇದ್ದಕ್ಕಿದ್ದಂತೆ ಶಾಂತರಾಗಿ ಮಲಗಿದರೆ ಸಂತೋಷಪಡುವುದಕ್ಕೆ ಮುಂಚೆ ಒಮ್ಮೆ ಎಬ್ಬಿಸಿ ನೋಡಿರಿ. ನಿಜವಾದ ನಿದ್ದೆಯಾದರೆ ಗೊಣಗಿಕೊಂಡಾದರೂ ಏಳುತ್ತಾರೆ. ಏಳದಿದ್ದರೆ 108. ನಿದ್ದೆಯ ಮಾತ್ರೆಯನ್ನು ವೈದ್ಯರ ಮಾತಿಲ್ಲದೆ ಕೊಡಬೇಡಿರಿ. ಅಂಗಾತ ಮಲಗಿಸಬೇಡಿರಿ, ಒರಗಿಸಿ ಕೂರಿಸಿರಿ. ವೈದ್ಯರ ಚೀಟಿಯನ್ನು ದೇವರ ಗೂಡಿನಲ್ಲಿಡದೆ ಯಂತ್ರದ ಮೇಲೆಯೇ ಅಂಟಿಸಿರಿ.

ದೊಡ್ಡಮ್ಮ ಅನಂತರ ಎರಡು ವರ್ಷಕ್ಕೂ ಮಿಕ್ಕಿ ನಮ್ಮೊಡನಿದ್ದಳು. ಪ್ರತಿ ಭಾನುವಾರ ಬೆಳಿಗ್ಗೆ ನಾನು ಆಕೆಗೆ ಫೋನು ಮಾಡುತ್ತಿದ್ದೆ. ಏನು ಅಡಿಗೆ, ಮಳೆ ಬಂತೆ, ಅಡಕೆಗೆ ಧಾರಣೆ ಎಷ್ಟು, ಯಾರ ಮನೆಯಲ್ಲಿ ಮದುವೆ, ಹೀಗೆ ಉದ್ದವಾದ ಉತ್ತರ ಬರುವಂಥ ಪ್ರಶ್ನೆಗಳನ್ನೇ ಹುಡುಕಿ ಕೇಳುತ್ತಿದ್ದೆ. ಈಚೆಯ ತುದಿಯಲ್ಲಿ ಬೆರಳು ಮಡಿಸಿ ಪದಗಳನ್ನು ಎಣಿಸುತ್ತಿದ್ದೆ. ಎಂಟು, ಒಂಬತ್ತು ಬಂದರೆ ಆ ವಾರ ನನಗೆ ನೆಮ್ಮದಿ. ಒಮ್ಮೆ ಐದಕ್ಕೆ ಇಳಿಯಿತು. ಆ ದಿನವೇ ಹೋಗಿ ಆಸ್ಪತ್ರೆಗೆ ಕರೆದುಕೊಂಡು ಬಂದೆ, ಸಕಾಲದಲ್ಲಿ ಬಂದಿರಿ ಎಂದರು. ಆಕೆಗೆ ಈ ಲೆಕ್ಕ ಗೊತ್ತಿರಲಿಲ್ಲ. “ದುರ್ಗದಲ್ಲಿರೋ ಹುಡುಗ ವಾರವಾರ ತಪ್ಪದೆ ನನ್ನ ಮಾತು ಕೇಳ್ತಾನೆ” ಎಂದು ಊರಿನವರ ಮುಂದೆ ಹೇಳಿಕೊಳ್ಳುತ್ತಿದ್ದಳಂತೆ.

ಈಗ ತರಗತಿಯಲ್ಲಿ ‘ಉಸಿರಿದನು’ ಎಂಬ ಪದ ಬಂದಾಗ ಹುಡುಗರು ‘ಉಸಿರಾಡಿದನು’ ಎಂದು ಬರೆದರೆ ನಾನು ಹಿಂದಿನಂತೆ ಅಂಕ ಕಳೆಯುತ್ತೇನೆ. ಆದರೆ ಪೂರ್ತಿ ತಪ್ಪೆಂದು ಗೀಟೆಳೆಯುವುದಕ್ಕೆ ಮಾತ್ರ ಕೈ ಬರುವುದಿಲ್ಲ.